ಕ್ಯಾಂಪರ್ ವ್ಯಾನಿಗೆ ತಾನೇ ಹೊತ್ತಿಕೊಳ್ಳುವ ಹೆಡ್‌ಲೈಟ್

ಕೇಳುಗರಿಗೆಲ್ಲ ನಮಸ್ಕಾರ.

ಗಾಡಿ ಓಡಿಸುತ್ತಿರುವವರಿಗೆ ಹೊತ್ತು ಮುಳುಗಿದ್ದು ತಡವಾಗಿಯೇ ಗೊತ್ತಾಗುತ್ತದೆ. ಬೆಳಕು ಇಳಿದಂತೆಲ್ಲ ಕಣ್ಣು ಅದಕ್ಕೆ ಹೊಂದಿಕೊಳ್ಳುತ್ತಾ ಹೋಗುತ್ತದೆ. ರಸ್ತೆ ಇನ್ನೂ ಕಾಣುತ್ತಿದೆಯಲ್ಲ, ಈಗಲೇ ದೀಪ ಯಾಕೆ ಅನ್ನಿಸುತ್ತದೆ. ಎದುರಿನವರಿಗೆ, ಹಿಂದಿನವರಿಗೆ, ರಸ್ತೆ ದಾಟಲು ನಿಂತವರಿಗೆ ನಾವು ಕಾಣುತ್ತಿದ್ದೇವಾ ಅನ್ನುವುದು ತಲೆಗೇ ಬರುವುದಿಲ್ಲ. ಅಂಥ ಹೊತ್ತಿನಲ್ಲಿ ಹೆಡ್‌ಲೈಟ್ ತಾನಾಗಿಯೇ ಹೊತ್ತಿಕೊಂಡರೆ ಎಷ್ಟು ಒಳ್ಳೆಯದು, ಅಲ್ವಾ? ಈಗಿನ ಎಷ್ಟೋ ಗಾಡಿಗಳಲ್ಲಿ ಈ ಸೌಲಭ್ಯ ಕಂಪನಿಯಿಂದಲೇ ಬರುತ್ತದೆ. ಅದಿಲ್ಲದ ಕ್ಯಾಂಪರ್ ವ್ಯಾನಿಗೆ ಆಮೇಲೆ ಕೂರಿಸುವುದು ಹೇಗೆ ಅನ್ನುವುದೇ ಇವತ್ತಿನ ನನ್ನ ಮಾತು.

ಕ್ಯಾಂಪರ್ ವ್ಯಾನ್ ಓಡುವಾಗ ಗಾಡಿ, ನಿಂತಾಗ ಮನೆ. ಒಳಗೆ ಹಾಸಿಗೆ, ಒಲೆ, ಫ್ರಿಜ್, ನೀರಿನ ಟ್ಯಾಂಕ್ ಎಲ್ಲ ಇರುತ್ತವೆ. ಬೆಳಕು ನೋಡುವ ಸೆನ್ಸರಿಗೆ ಗೊತ್ತಿರುವುದು ಒಂದೇ ವಿಷಯ: ಹೊರಗೆ ಬೆಳಕಿದೆಯೋ ಇಲ್ಲವೋ. ನೀವು ಓಡಿಸುತ್ತಿದ್ದೀರೋ, ಪರದೆ ಎಳೆದು ಮಲಗಿದ್ದೀರೋ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ವೈರಿಂಗ್ ಮಾಡುವವರೇ ತಿಳಿಸಿಕೊಡಬೇಕು. ದೀಪ ಯಾವಾಗ ಹೊತ್ತಬೇಕು ಅನ್ನುವುದು ಸುಲಭ. ಯಾವಾಗ ಹೊತ್ತಬಾರದು ಅನ್ನುವುದರಲ್ಲೇ ಕ್ಯಾಂಪರಿನ ಕಷ್ಟವೆಲ್ಲ ಇರುವುದು.

ಈ ಯೋಚನೆ ಹೊಸದೇನೂ ಅಲ್ಲ. ಎದುರಿನ ಗಾಡಿಯ ಬೆಳಕು ಕಂಡ ಕೂಡಲೇ ಹೈ ಬೀಮ್, ಅಂದರೆ ದೂರಕ್ಕೆ ಬೀಳುವ ಜೋರು ಬೆಳಕನ್ನು ಇಳಿಸುವ ‘ಆಟ್ರಾನಿಕ್ ಐ’ ಅನ್ನುವ ಸಾಧನವನ್ನು ಅಮೆರಿಕದ ಜನರಲ್ ಮೋಟಾರ್ಸ್ 1952ರಲ್ಲೇ ತಂದಿತ್ತು. 1964ರ ಕ್ಯಾಡಿಲಾಕ್ ಕಾರುಗಳಲ್ಲಿ ‘ಟ್ವೈಲೈಟ್ ಸೆಂಟಿನೆಲ್’ ಬಂತು. ಕತ್ತಲಾದರೆ ದೀಪ ತಾನೇ ಹೊತ್ತುತ್ತಿತ್ತು. ಕಾರು ನಿಲ್ಲಿಸಿ ಇಳಿದ ಮೇಲೂ ಸ್ವಲ್ಪ ಹೊತ್ತು ಉರಿದು ಆರುತ್ತಿತ್ತು. ಅಷ್ಟು ಹಿಂದೆಯೇ ಸಾಧ್ಯವಾಗಿದ್ದ ಕೆಲಸ ಇದು. ಹಾಗಾಗಿ ಹಳೆಯ ವ್ಯಾನಿಗೆ ಇದೆಲ್ಲ ಯಾಕೆ ಅಂತ ಯಾರಾದರೂ ಅಂದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ಗಾಡಿ ಓಡುವಾಗ ಹಗಲಲ್ಲೂ ತಾವಾಗಿಯೇ ಉರಿಯುವ ಹಗಲು ದೀಪಗಳಿವೆಯಲ್ಲ, ಸಾಲದಾ ಅಂತ ಕೆಲವರು ಕೇಳುತ್ತಾರೆ. ಸಾಲದು. ಯುರೋಪಿನಲ್ಲಿ 2011ರ ಫೆಬ್ರವರಿಯಿಂದ ಹೊಸ ಮಾದರಿಯ ಕಾರು ಮತ್ತು ಸಣ್ಣ ವ್ಯಾನುಗಳಿಗೆ ಹಗಲು ದೀಪ ಕಡ್ಡಾಯವಾಯಿತು. ಆದರೆ ಬಹಳಷ್ಟು ಗಾಡಿಗಳಲ್ಲಿ ಅವು ಉರಿಯುವುದು ಮುಂದೆ ಮಾತ್ರ. ಹಿಂದೆ ಕತ್ತಲು. ಡ್ಯಾಶ್‌ಬೋರ್ಡ್ ಬೆಳಗುತ್ತಿರುತ್ತದೆ, ಮುಂದೆ ಸ್ವಲ್ಪ ಬೆಳಕು ಬೀಳುತ್ತಿರುತ್ತದೆ. ದೀಪ ಹಾಕಿದ್ದೇನೆ ಅಂದುಕೊಂಡೇ ಡ್ರೈವರ್ ಮೈಲುಗಟ್ಟಲೆ ಹೋಗುತ್ತಾನೆ. ಕೆನಡಾದಲ್ಲಿ ಇಂಥ ಗಾಡಿಗಳಿಗೆ ಭೂತದ ಗಾಡಿಗಳು ಅಂತಲೇ ಹೆಸರು ಬಿದ್ದಿತ್ತು. ಅದನ್ನು ತಪ್ಪಿಸಲು ಅಲ್ಲಿ 2021ರ ಸೆಪ್ಟೆಂಬರಿನಿಂದ ಹೊಸ ಗಾಡಿಗಳಿಗೆ ಒಂದು ನಿಯಮ ಬಂತು. ಹಗಲು ದೀಪದ ಜೊತೆಗೆ ಹಿಂದಿನ ದೀಪವೂ ಉರಿಯಬೇಕು, ಇಲ್ಲವೇ ಕತ್ತಲಾದಾಗ ಎಲ್ಲ ದೀಪ ತಾನಾಗಿ ಹೊತ್ತಬೇಕು, ಅದೂ ಇಲ್ಲವೆಂದರೆ ಡ್ಯಾಶ್‌ಬೋರ್ಡ್ ಕತ್ತಲಾಗಿಯೇ ಉಳಿದು ಡ್ರೈವರನ್ನು ಎಚ್ಚರಿಸಬೇಕು. ಕ್ಯಾಂಪರ್ ನಿಧಾನವಾಗಿ ಹೋಗುವ ದೊಡ್ಡ ಗಾಡಿ. ಹಿಂದಿನಿಂದ ವೇಗವಾಗಿ ಬರುವವರಿಗೆ ಅದರ ಕೆಂಪು ದೀಪ ದೂರದಿಂದಲೇ ಕಾಣಬೇಕು. ನನ್ನ ಪ್ರಕಾರ ಈ ಕೆಲಸಕ್ಕೆ ಕೈಹಾಕಲು ಹಿಂದಿನ ದೀಪ ಒಂದೇ ಕಾರಣ ಸಾಕು.

ಈಗ ಸೆನ್ಸರಿನ ವಿಷಯಕ್ಕೆ ಬರೋಣ. ಬೆಳಕನ್ನು ಲಕ್ಸ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ನಡುಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಸೂರ್ಯ ಮುಳುಗುವ ಹೊತ್ತಿಗೆ ಅದು ಕೆಲವು ನೂರಕ್ಕೆ ಇಳಿದಿರುತ್ತದೆ. ಹುಣ್ಣಿಮೆ ಬೆಳಕು ಅರ್ಧ ಲಕ್ಸ್ ಕೂಡ ಇಲ್ಲ. ಗಾಡಿಯ ದೀಪಗಳ ಬಗ್ಗೆ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 48ನೇ ನಿಯಮ ಇದೆ. ಬೆಳಕು 1,000 ಲಕ್ಸಿಗಿಂತ ಕೆಳಗಿಳಿದರೆ 2 ಸೆಕೆಂಡಿನೊಳಗೆ ಲೋ ಬೀಮ್, ಅಂದರೆ ಹೆಡ್‌ಲೈಟಿನ ತಗ್ಗಿದ ಬೆಳಕು ಹೊತ್ತಬೇಕು ಅನ್ನುತ್ತದೆ ಅದು. 7,000 ಲಕ್ಸ್ ದಾಟಿದರೆ ಆರಬೇಕು. ಆದರೆ ಕೂಡಲೇ ಅಲ್ಲ, 5 ಸೆಕೆಂಡಿಗಿಂತ ಹೆಚ್ಚು ಕಾದು, 300 ಸೆಕೆಂಡಿನ ಒಳಗೆ. ನಡುವಿನ ಬೆಳಕಿನಲ್ಲಿ ಏನು ಮಾಡಬೇಕೆಂಬುದು ಗಾಡಿ ತಯಾರಿಸುವವರಿಗೆ ಬಿಟ್ಟದ್ದು.

ಹೊತ್ತುವುದಕ್ಕೆ ಒಂದು ಮಿತಿ, ಆರುವುದಕ್ಕೆ ಇನ್ನೊಂದು. ಇದು ಬಹಳ ಯೋಚಿಸಿ ಮಾಡಿದ ಏರ್ಪಾಡು. ಎರಡಕ್ಕೂ ಒಂದೇ ಮಿತಿ ಇಟ್ಟಿದ್ದರೆ ಸಾಲುಮರದ ರಸ್ತೆಯಲ್ಲಿ ನೆರಳು ಬಂದಾಗಲೆಲ್ಲ ದೀಪ ಹೊತ್ತಿ ಆರಿ ಹೊತ್ತಿ ಆರಿ ಎದುರಿನವರಿಗೆ ಸಿಗ್ನಲ್ ಕೊಟ್ಟಂತಾಗುತ್ತಿತ್ತು. ಹೊತ್ತುವಾಗ ಅವಸರ, ಆರುವಾಗ ನಿಧಾನ. ಸೆನ್ಸರ್ ಹೇಳಿದಂತೆ ದೀಪ ಹೊತ್ತಿಸಿ ಆರಿಸುವ ಪುಟ್ಟ ಪೆಟ್ಟಿಗೆಗೆ ಮಾಡ್ಯೂಲ್ ಅನ್ನುತ್ತಾರೆ; ಅಂಗಡಿಯಲ್ಲಿ ಸಿಗುವ ಯಾವ ಮಾಡ್ಯೂಲ್ ಆರಿಸಿದರೂ ಈ ಗುಣ ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಅದು ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.

ಒಳ್ಳೆಯ ಸೆನ್ಸರ್ ಎರಡು ಕಡೆ ನೋಡುತ್ತದೆ. ಮೇಲಿನ ಆಕಾಶವನ್ನು ಅಗಲವಾಗಿ ನೋಡುತ್ತದೆ, ಎದುರಿನ ರಸ್ತೆಯನ್ನು ಕಿರಿದಾಗಿ ನೋಡುತ್ತದೆ. ಸುರಂಗ ಬರುತ್ತಿದೆ ಅಂತ ಅದಕ್ಕೆ ಮೊದಲೇ ತಿಳಿಯುವುದು ಹೀಗೆ. ಅದರ ಜಾಗ ಮುಂದಿನ ಗಾಜಿನ ಒಳಗೆ, ಕನ್ನಡಿಯ ಬುಡದಲ್ಲಿ. ಡ್ಯಾಶ್‌ಬೋರ್ಡಿನ ಮೇಲೆ ಇಟ್ಟರೂ ನಡೆಯುತ್ತದೆ, ಆದರೆ ಅಲ್ಲಿ ಯಾರೋ ನಕ್ಷೆ ಇಡುತ್ತಾರೆ, ಟೋಪಿ ಇಡುತ್ತಾರೆ. ಡ್ರೈವರ್ ತಲೆಯ ಮೇಲೆ ಹಾಸಿಗೆ ಚಾಚಿಕೊಂಡಿರುವ ಕ್ಯಾಂಪರುಗಳಲ್ಲಿ ಆ ಚಾಚು ಆಕಾಶವನ್ನು ಮರೆಮಾಡುತ್ತದೆ. ದೀಪ ಸ್ವಲ್ಪ ಬೇಗ ಹೊತ್ತುತ್ತದೆ, ಅದರಿಂದ ತೊಂದರೆ ಇಲ್ಲ. ಮಳೆಯನ್ನೂ ನೋಡುವ ಜೋಡಿ ಸೆನ್ಸರ್ ಆದರೆ ಗಾಜಿಗೂ ಅದಕ್ಕೂ ನಡುವೆ ಜೆಲ್ ಪದರ ಇರುತ್ತದೆ. ಅದರಲ್ಲಿ ಗಾಳಿಗುಳ್ಳೆ ಉಳಿಯದಂತೆ ಅಂಟಿಸಬೇಕು. ಉಳಿದರೆ ಬಿಸಿಲಿನಲ್ಲೂ ವೈಪರ್ ಓಡಾಡುತ್ತದೆ.

ಕೂರಿಸಲು ದಾರಿ ಎರಡು. ವ್ಯಾನ್ ಹೊಸ ಕಾಲದ್ದಾಗಿದ್ದರೆ, ಅದೇ ಮಾದರಿಯ ದುಬಾರಿ ಆವೃತ್ತಿಯಲ್ಲಿ ಆಟೋ ಲೈಟ್ ಇದ್ದಿದ್ದರೆ, ಅದರದ್ದೇ ಸೆನ್ಸರ್, ಅದರದ್ದೇ ‘ಆಟೋ’ ಗುರುತಿರುವ ಸ್ವಿಚ್ ತಂದು ಹಾಕಿ. ಸೆನ್ಸರ್ ಸಾಮಾನ್ಯವಾಗಿ ಲಿನ್ ಅನ್ನುವ ಒಂದೇ ತಂತಿಯ ಸಂಪರ್ಕದಲ್ಲಿ ಗಾಡಿಯ ಕಂಪ್ಯೂಟರ್ ಜೊತೆ ಮಾತಾಡುತ್ತದೆ. ಆಮೇಲೆ ಆ ಕಂಪ್ಯೂಟರಿಗೆ ಸೆನ್ಸರ್ ಬಂದಿದೆ ಅಂತ ಕೋಡಿಂಗ್ ಮಾಡಿ ತಿಳಿಸಬೇಕು. ಎಷ್ಟೋ ವ್ಯಾನುಗಳಲ್ಲಿ ಒಂದೇ ಮಾದರಿಗೆ ಎರಡು ಮೂರು ಬಗೆಯ ಕಂಪ್ಯೂಟರ್ ಬಂದಿರುತ್ತವೆ, ಕಡಿಮೆ ಬೆಲೆಯದ್ದಕ್ಕೆ ಈ ಕೆಲಸ ಬರುವುದೇ ಇಲ್ಲ. ಹಾಗಾಗಿ ಸಾಮಾನು ಕೊಳ್ಳುವ ಮೊದಲು ಆ ಪೆಟ್ಟಿಗೆಯ ಭಾಗಸಂಖ್ಯೆ ನೋಡಿಕೊಳ್ಳಿ. ಇಂಥ ಗಾಡಿಯಲ್ಲಿ ಕಂಡ ತಂತಿಗೆ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್ಚು, ಸಿಕ್ಕಿಸಲೇಬೇಡಿ. ಕೆಲವಲ್ಲಿ ದೀಪಕ್ಕೆ ಹೋಗುವ ಕರೆಂಟೇ ಸೆಕೆಂಡಿಗೆ ನೂರಾರು ಸಲ ಕಡಿದು ಕಡಿದು ಹೋಗುತ್ತದೆ. ರಿಲೇ ಅದರಿಂದ ಕಟಕಟ ಅಂತ ನಡುಗಿ ಹಾಳಾಗುತ್ತದೆ.

ಹಳೆಯ ವ್ಯಾನಿನಲ್ಲಿ ಸ್ವಿಚ್ಚಿನಿಂದ ನೇರ ದೀಪಕ್ಕೆ ತಂತಿ. ಅಲ್ಲಿ ಬೇರೆ ಮಾಡ್ಯೂಲ್ ಮತ್ತು ರಿಲೇ ಹಾಕಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಪಾರ್ಕಿಂಗ್ ದೀಪದ ತಂತಿ, ಲೋ ಬೀಮ್ ತಂತಿ ಎರಡನ್ನೂ ಒಂದೇ ರಿಲೇ ತುದಿಗೆ ಕಟ್ಟಿದರೆ ಅವೆರಡೂ ಒಂದಾಗಿಬಿಡುತ್ತವೆ. ಆಮೇಲೆ ಕೈಯಿಂದ ಬರೀ ಪಾರ್ಕಿಂಗ್ ದೀಪ ಹಾಕಿದರೂ ಹೆಡ್‌ಲೈಟ್ ಹೊತ್ತುತ್ತದೆ. ಅಷ್ಟೂ ಕರೆಂಟ್ ಪಾರ್ಕಿಂಗ್ ದೀಪದ ಸಣ್ಣ ತಂತಿಯಲ್ಲಿ ಹರಿದು ಅದು ಬಿಸಿಯಾಗುತ್ತದೆ. ಆದ್ದರಿಂದ ಎರಡು ರಿಲೇ ಬೇಕು. ಒಂದು ಲೋ ಬೀಮಿಗೆ. ಇನ್ನೊಂದು ಪಾರ್ಕಿಂಗ್, ಟೇಲ್, ನಂಬರ್ ಪ್ಲೇಟ್, ಡ್ಯಾಶ್‌ಬೋರ್ಡ್ ದೀಪಗಳಿಗೆ. ಎರಡಕ್ಕೂ ಬ್ಯಾಟರಿಯ ಹತ್ತಿರವೇ ಫ್ಯೂಸ್. 55 ವಾಟಿನ ಎರಡು ಹ್ಯಾಲೊಜೆನ್ ಬಲ್ಬ್ ಸೇರಿ ಹತ್ತಿರ ಹತ್ತಿರ 9 ಆಂಪಿಯರ್ ಎಳೆಯುತ್ತವೆ, ತಂತಿ ಅದಕ್ಕೆ ತಕ್ಕ ದಪ್ಪ ಇರಲಿ. ಇದರಿಂದ ಇನ್ನೊಂದು ಲಾಭವೂ ಇದೆ. ಹಳೆಯ ಸ್ವಿಚ್ ಮತ್ತು ಸಣ್ಣ ತಂತಿಗಳಲ್ಲಿ ವೋಲ್ಟೇಜ್ ಸೋರಿಹೋಗುತ್ತದೆ. ಬಲ್ಬಿಗೆ ಹೋಗುವ ವೋಲ್ಟೇಜ್ ಶೇಕಡ 10ರಷ್ಟು ಇಳಿದರೆ ಹ್ಯಾಲೊಜೆನ್ ಬೆಳಕು ಶೇಕಡ 30ರಷ್ಟು ಕುಗ್ಗುತ್ತದೆ. ದಪ್ಪ ತಂತಿ, ರಿಲೇ ಹಾಕಿದ ಮೇಲೆ ಅದೇ ಬಲ್ಬ್ ಎಷ್ಟೋ ಜಾಸ್ತಿ ಬೆಳಗುತ್ತದೆ.

ಇನ್ನು ಮನೆಯಾಗಿ ನಿಂತ ವ್ಯಾನಿನ ಕಥೆ. ಸಂಜೆ ಮುಂದಿನ ಗಾಜಿಗೆ ಪರದೆ ಎಳೆಯುತ್ತೇವೆ, ಚಳಿಯಲ್ಲಿ ಬೆಳ್ಳಿ ಬಣ್ಣದ ದಪ್ಪ ಹೊದಿಕೆ ಹಾಕುತ್ತೇವೆ. ಸೆನ್ಸರ್ ಆ ಹೊದಿಕೆಯ ಹಿಂದೆ ಸಿಕ್ಕಿಕೊಂಡಿರುತ್ತದೆ. ಅದರ ಪಾಲಿಗೆ ಹಗಲಿನಲ್ಲೂ ರಾತ್ರಿಯೇ. ಹಾಡು ಕೇಳಲೆಂದೋ, ಕಿಟಕಿ ಇಳಿಸಲೆಂದೋ ಕೀಲಿ ತಿರುಗಿಸಿದಿರಿ ಅನ್ನಿ. ಹೆಡ್‌ಲೈಟ್ ಹೊತ್ತಿಕೊಳ್ಳುತ್ತದೆ. ಪರದೆ ಇರುವುದರಿಂದ ಒಳಗಿದ್ದವರಿಗೆ ಅದು ಕಾಣುವುದೂ ಇಲ್ಲ. ಎದುರಿನ ಟೆಂಟಿನವರ ನಿದ್ದೆ ಹೋಗುತ್ತದೆ, ಬೆಳಗಾಗುವಷ್ಟರಲ್ಲಿ ಸ್ಟಾರ್ಟ್ ಮಾಡುವ ಬ್ಯಾಟರಿ ಬರಿದಾಗುತ್ತದೆ. ಕ್ಯಾಂಪರಿನಲ್ಲಿ ವಾಸಕ್ಕೆ ಬೇರೆ ಬ್ಯಾಟರಿ ಇರುತ್ತದೆ ನಿಜ, ಆದರೆ ಹೆಡ್‌ಲೈಟ್ ಕರೆಂಟ್ ಎಳೆಯುವುದು ಸ್ಟಾರ್ಟಿನ ಬ್ಯಾಟರಿಯಿಂದಲೇ.

ಇದಕ್ಕೆ ಉಪಾಯ ಇದೆ. ಮಾಡ್ಯೂಲಿಗೆ ಕೀಲಿಯ ಸಂಕೇತ ಮಾತ್ರ ಕೊಡಬೇಡಿ, ಎಂಜಿನ್ ಓಡುತ್ತಿದೆ ಅನ್ನುವ ಸಂಕೇತವನ್ನೂ ಕೊಡಿ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ‘ಡಿ ಪ್ಲಸ್’ ಅನ್ನುವ ತುದಿಯಲ್ಲಿ ಅದು ಸಿಗುತ್ತದೆ. ಬಹಳಷ್ಟು ಕ್ಯಾಂಪರುಗಳಲ್ಲಿ ಫ್ರಿಜ್ಜನ್ನು ಗಾಡಿಯ ಕರೆಂಟಿಗೆ ಬದಲಿಸಲು, ಹೊರಗೆ ಚಾಚಿದ ಮೆಟ್ಟಿಲನ್ನು ಒಳಗೆಳೆಯಲು ಆ ತಂತಿ ಆಗಲೇ ಒಳಗೆ ಬಂದಿರುತ್ತದೆ. ಆದರೆ ಡಿ ಪ್ಲಸ್ ಒಂದನ್ನೇ ನಂಬಿದರೂ ಅಪಾಯ. ಸುರಂಗದೊಳಗೆ ಟ್ರಾಫಿಕ್ಕಿನಲ್ಲಿ ಎಂಜಿನ್ ನಿಲ್ಲಿಸಿದರೆ ಅಥವಾ ರಸ್ತೆ ಮಧ್ಯೆ ಎಂಜಿನ್ ಕೈಕೊಟ್ಟರೆ ದೀಪವೂ ಆರಿಹೋಗುತ್ತದೆ. ಅಂಥ ಜಾಗದಲ್ಲಿ ಕತ್ತಲಲ್ಲಿ ನಿಲ್ಲುವುದನ್ನು ಯೋಚಿಸಲೂ ಆಗುವುದಿಲ್ಲ. ಅದಕ್ಕೇ ತನ್ನನ್ನು ತಾನೇ ಹಿಡಿದಿಟ್ಟುಕೊಳ್ಳುವಂತೆ ಒಂದು ರಿಲೇ ಕಟ್ಟಬೇಕು. ಡಿ ಪ್ಲಸ್ ಸಂಕೇತ ಬಂದಾಗ ಅದು ಆನ್ ಆಗುತ್ತದೆ. ಆಮೇಲೆ ಕೀಲಿಯ ಕರೆಂಟಿನಿಂದಲೇ ನಿಂತಿರುತ್ತದೆ, ಕೀಲಿ ತೆಗೆದಾಗಲೇ ಬಿಡುತ್ತದೆ. ಆ ಕರೆಂಟ್ ಡಿ ಪ್ಲಸ್ ಕಡೆಗೆ ವಾಪಸ್ ಹರಿಯದಂತೆ ಆ ತಂತಿಯಲ್ಲಿ ಒಂದು ಡಯೋಡ್ ಇರಬೇಕು. ಇಷ್ಟಾದರೆ ಬರೀ ಕೀಲಿ ತಿರುಗಿಸಿದರೆ ದೀಪ ಇಲ್ಲ. ಒಮ್ಮೆ ಎಂಜಿನ್ ಶುರುವಾದರೆ ಪ್ರಯಾಣ ಮುಗಿಯುವ ತನಕ ಕಾವಲು ಇದ್ದೇ ಇರುತ್ತದೆ. ಕೆಲವರು ಹ್ಯಾಂಡ್‌ಬ್ರೇಕಿಗೆ ಜೋಡಿಸುತ್ತಾರೆ. ಅದು ಬೇಡ. ಏರಿನಲ್ಲಿ ಸಾಲಾಗಿ ನಿಂತಾಗ ಹ್ಯಾಂಡ್‌ಬ್ರೇಕ್ ಎಳೆದರೆ ದೀಪ ಹೋಗುತ್ತದೆ.

ಈಚಿನ ಗಾಡಿಗಳ ಆಲ್ಟರ್ನೇಟರ್ ಬೇಕೆಂದಾಗ ಮಾತ್ರ ಚಾರ್ಜ್ ಮಾಡುತ್ತದೆ. ಅಲ್ಲಿ ವೋಲ್ಟೇಜ್ ನೋಡಿ ಎಂಜಿನ್ ಓಡುತ್ತಿದೆ ಅಂತ ಊಹಿಸುವ ಮಾಡ್ಯೂಲ್ ಮೋಸಹೋಗುತ್ತದೆ. ಕ್ಯಾಂಪರ್ ಕಟ್ಟುವವರಿಗೆಂದೇ ಕೆಲವು ವ್ಯಾನುಗಳಲ್ಲಿ ಎಂಜಿನ್ ಓಡುತ್ತಿದೆ ಅನ್ನುವ ಸಂಕೇತದ ತಂತಿಯನ್ನು ಬೇರೆಯಾಗಿ ಕೊಟ್ಟಿರುತ್ತಾರೆ, ಅದನ್ನೇ ಬಳಸಿ.

ಕೀಲಿಯ ರಿಮೋಟ್ ಒತ್ತಿದ ಕೂಡಲೇ ಅರ್ಧ ನಿಮಿಷ ಹೆಡ್‌ಲೈಟ್ ಹೊತ್ತಿಸಿ ದಾರಿ ತೋರಿಸುವ ಸೌಲಭ್ಯವೂ ಆಟೋ ಲೈಟಿನ ಜೊತೆ ಬರುತ್ತದೆ. ಮನೆಯ ಗ್ಯಾರೇಜಿಗೆ ಅದು ಚೆಂದ. ಕ್ಯಾಂಪ್ ಜಾಗದಲ್ಲಿ ರಾತ್ರಿ ಯಾರೋ ಶೌಚಕ್ಕೆ ಎದ್ದು ಬಾಗಿಲು ತೆಗೆದಾಗಲೆಲ್ಲ ಅಕ್ಕಪಕ್ಕದವರ ಮೇಲೆ ಬೆಳಕು ಸುರಿಯುತ್ತದೆ. ಕೋಡಿಂಗ್ ಮಾಡುವಾಗಲೇ ಅದನ್ನು ತೆಗೆಸಿಬಿಡಿ.

ಮಂಜಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಹಗಲಿನ ಮಂಜು ಬೆಳ್ಳಗೆ ಹೊಳೆಯುತ್ತದೆ. ಎದುರಿನದು ಏನೂ ಕಾಣದಿದ್ದರೂ ಸೆನ್ಸರಿಗೆ ಬೇಕಾದಷ್ಟು ಬೆಳಕು ಸಿಗುತ್ತಿರುತ್ತದೆ. ಅದು ದೀಪ ಹಾಕುವುದೇ ಇಲ್ಲ. ಜೋರು ಮಳೆಯಲ್ಲೂ ಎಷ್ಟೋ ಸಲ ಹೀಗೇ. ಮಳೆಗೆ ಪರಿಹಾರ ಇದೆ. ವೈಪರ್ ಸ್ವಲ್ಪ ಹೊತ್ತು ಬಿಡದೆ ಓಡಿದರೆ ದೀಪ ಹೊತ್ತುವಂತೆ ಮಾಡಿಸಬಹುದು. ಮಂಜಿಗೆ ಮಾತ್ರ ನಿಮ್ಮ ಕೈಯೇ ಬೇಕು. ಆದ್ದರಿಂದ ಹಳೆಯ ಸ್ವಿಚ್ ಹಾಗೇ ಇರಲಿ. ಕೈಯಿಂದ ಹಾಕಿದರೆ ಮಾಡ್ಯೂಲ್ ಏನೇ ಹೇಳಿದರೂ ದೀಪ ಹೊತ್ತಬೇಕು, ಮಾಡ್ಯೂಲ್ ಸತ್ತುಹೋದರೂ ಹೊತ್ತಬೇಕು.

ಕೆಲಸಕ್ಕೆ ಮೊದಲು ನಿಮ್ಮಲ್ಲಿನ ವಾಹನ ತಪಾಸಣೆಯ ನಿಯಮ ಏನಿದೆ ಅಂತ ವಿಚಾರಿಸಿ, ವಿಮೆಯವರಿಗೂ ತಿಳಿಸಿ. ಹ್ಯಾಲೊಜೆನ್‌ಗೆಂದು ಮಾಡಿದ ದೀಪದೊಳಗೆ ಎಲ್‌ಇಡಿ ಬಲ್ಬ್ ತುರುಕುವುದಕ್ಕೆ ಬಹಳ ಕಡೆ ಅನುಮತಿ ಇಲ್ಲ. ಕೈ ಹಾಕಿದ್ದೇವಲ್ಲ ಅಂತ ಅದನ್ನೂ ಸೇರಿಸಬೇಡಿ.

ಎಲ್ಲ ಮುಗಿದ ಮೇಲೆ ಹಗಲಿನಲ್ಲಿ ಎಂಜಿನ್ ಓಡಿಸಿ ಸೆನ್ಸರನ್ನು ಕಪ್ಪು ಬಟ್ಟೆಯಿಂದ ಮುಚ್ಚಿ ನೋಡಿ. ಇನ್ನೊಬ್ಬರನ್ನು ವ್ಯಾನಿನ ಹಿಂದೆ ನಿಲ್ಲಿಸಿ, ಟೇಲ್ ದೀಪ ಎರಡೂ ಹೊತ್ತಿದವಾ, ನಂಬರ್ ಪ್ಲೇಟ್ ಬೆಳಗಿತಾ ಅಂತ ಕೇಳಿ. ಹಿಂದೆ ಸೈಕಲ್ ಕಟ್ಟುವವರಾದರೆ ಕಟ್ಟಿಯೇ ನೋಡಿ, ಚಕ್ರ ದೀಪವನ್ನು ಮುಚ್ಚಿರಬಹುದು. ಆಮೇಲೆ ನೀರು, ಗ್ಯಾಸ್, ಸಾಮಾನು ತುಂಬಿ ಹೆಡ್‌ಲೈಟಿನ ಎತ್ತರ ಸರಿಮಾಡಿಸಿ. ಹಿಂಭಾಗ ಕೂತು ಮೂತಿ ಎದ್ದ ವ್ಯಾನಿನ ಲೋ ಬೀಮ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕಡೆಯದಾಗಿ, ಯಾವ ತಂತಿ ಎಲ್ಲಿಗೆ, ಯಾವ ರಿಲೇ ಯಾವ ದೀಪಕ್ಕೆ ಅಂತ ಒಂದು ಹಾಳೆಯಲ್ಲಿ ಬರೆದು ಫ್ಯೂಸ್ ಪೆಟ್ಟಿಗೆಯ ಮುಚ್ಚಳದೊಳಗೆ ಅಂಟಿಸಿ. ಮುಂದೆ ಆ ವ್ಯಾನನ್ನು ರಿಪೇರಿ ಮಾಡುವ ಎಲೆಕ್ಟ್ರಿಷಿಯನ್ ಅಲ್ಲಿಂದಲೇ ಶುರುಮಾಡಬಹುದು.

ನಮಸ್ಕಾರ.