ದೆವ್ವ ಕೇಳಿದ್ದು ಪಂಚಮಿ ಉಂಡಿ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ನಾವು ಹಾವೇರಿಯವರು ಹೆಮ್ಮೆಯಿಂದ ಹೇಳುತ್ತೇವೆ. ಅದನ್ನೇ ಕೆಂಡಕ್ಕೆ ಹಾಕಿ, ಮೇಲೆ ಕೌದಿ ಹೊದಿಸಿ ಒಬ್ಬಳನ್ನು ಕೂರಿಸಿದರೆ ಖಾರ ಎಷ್ಟೆಂದು ಗೊತ್ತಾಗುತ್ತದೆ. ಹತ್ತು ವರ್ಷದವನಿದ್ದಾಗ ಬಾಗಿಲ ಸಂದಿಯಿಂದ ನಾನು ಅದನ್ನು ನೋಡಿದ್ದೇನೆ.

ನಾಗರ ಅಮಾವಾಸ್ಯೆಯ ರಾತ್ರಿ. ಪಕ್ಕದ ಮನೆಯ ಸೊಸೆಗೆ ಗಾಳಿ ಸೋಕಿದೆ ಎಂದು ದೆವ್ವ ಬಿಡಿಸುವವನನ್ನು ಕರೆಸಿದ್ದರು. ಬೇವಿನ ಸೊಪ್ಪು, ನಿಂಬೆಹಣ್ಣು, ಭಂಡಾರ ಎಲ್ಲವೂ ಇದ್ದವು. “ಯಾರು ನೀನು? ಏನು ಬೇಕು ನಿನಗೆ?” ಎಂದು ಅವನು ಗದರಿದ. ಅವಳು ಕೆಮ್ಮುತ್ತಲೇ, ತನ್ನದಲ್ಲದ ಗಡಸು ದನಿಯಲ್ಲಿ ಹೇಳಿದಳು: “ಉಂಡಿ ಬೇಕು. ಜೋಕಾಲಿ ಬೇಕು. ಅಣ್ಣ ಕರೆಯಲು ಬಂದರೆ ಹೊಸ್ತಿಲಿಂದಲೇ ಅಟ್ಟಬಾರದು.”

ಮೂರು ಪಂಚಮಿ ಕಳೆದರೂ ಅವಳನ್ನು ತವರಿಗೆ ಕಳಿಸಿರಲಿಲ್ಲ. ಸೊಸೆಯ ಮಾತಿಗೆ ಕಿವಿಗೊಡದ ಅತ್ತೆ ದೆವ್ವಕ್ಕೆ ಕೈಮುಗಿದು ಒಪ್ಪಿಕೊಂಡಳು! ಪಂಚಮಿಗೆ ಮುಂಚಿನ ರೊಟ್ಟಿ ಹಬ್ಬದ ದಿನ ಅಣ್ಣ ಬಂದ. “ದೆವ್ವ ಬಸ್ ಹತ್ತಿ ಹೋಯಿತು” ಎಂದು ನಮ್ಮಜ್ಜಿ ನಕ್ಕಳು.

ಆದ್ದರಿಂದ ಇದೆಲ್ಲ ಬರೀ ಮೂಢತನ ಎಂದು ತಳ್ಳಿಹಾಕುವವರ ಮಾತು ನನಗೆ ಒಪ್ಪಿಗೆಯಿಲ್ಲ. ಏನು ಬೇಕೆಂದು ಆ ಮನೆಯಲ್ಲಿ ಅವಳನ್ನು ಕೇಳಿದ ಮೊದಲಿಗ ಆ ಮಂತ್ರವಾದಿಯೇ. ಆದರೆ ಅಷ್ಟು ಕೇಳುವುದಕ್ಕೆ ಹೊಗೆ ಏಕೆ ಬೇಕಿತ್ತು?

ದೆವ್ವ ಬಿಡಿಸುವ ನೆಪದಲ್ಲಿ ಹಿಂಸೆ ಕೊಟ್ಟರೆ ಒಂದರಿಂದ ಏಳು ವರ್ಷ ಜೈಲು ಎನ್ನುತ್ತದೆ 2017ರ ರಾಜ್ಯದ ಕಾಯ್ದೆ. 2020ರಿಂದ ಅದು ಜಾರಿಯಲ್ಲಿದೆ. ಪೂಜೆ, ಹರಕೆಗಳಿಗೆ ಅದರ ತಕರಾರಿಲ್ಲ.

ಅವಳದು ರೋಗವಾಗಿರಲಿಲ್ಲ, ಪುಣ್ಯ. ವಾರಗಟ್ಟಲೆ ನಿದ್ದೆಯಿಲ್ಲದೆ, ಯಾರದೋ ದನಿ ಕೇಳಿಸಿಕೊಂಡು ಬೆವರುವವರಿಗೆ ಉಂಡಿ ಸಾಲದು. ಅವರಿಗೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ, 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ಅದಕ್ಕೆ ದುಡ್ಡೂ ಬೇಡ. ಆದರೂ ಜನ ಏಕೆ ಹೋಗುವುದಿಲ್ಲ? “ನಿನ್ನನ್ನು ಧಾರವಾಡಕ್ಕೆ ಸೇರಿಸಬೇಕು” ಎನ್ನುವುದು ನಮ್ಮ ಕಡೆ ಬೈಗುಳ. ಗಾಳಿ ಹೊರಗಿನಿಂದ ಬಂದದ್ದು, ಮನೆತನಕ್ಕೆ ಕಳಂಕವಿಲ್ಲ. ರೋಗವೆಂದರೆ ತಂಗಿಯ ಮದುವೆಯೂ ನಿಲ್ಲುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಹಳ್ಳಿಯವರನ್ನು ಹಳಿಯುವುದು ಸುಲಭ.

ತಾಯಿತ ಬಿಚ್ಚಿ ಬನ್ನಿ ಎಂದು ಆಸ್ಪತ್ರೆಯ ಬಾಗಿಲಲ್ಲಿ ಯಾರೂ ಹೇಳುವುದಿಲ್ಲ. ನಿಂಬೆಹಣ್ಣು ನಿವಾಳಿಸಿ ಎಸೆಯಬೇಕೆನಿಸಿದರೆ ಎಸೆಯಿರಿ, ಆಮೇಲೆ ಧಾರವಾಡದ ಬಸ್ ಹತ್ತಿ. ಮೆಣಸಿನಕಾಯಿ ಮಾತ್ರ ಅಡುಗೆಮನೆಯಲ್ಲೇ ಇರಲಿ.