ಗಿಬ್ಬನ್‌ಗೆ ಬೇಕಾದ ದಾರಿ

ಎಲ್ಲರಿಗೂ ನಮಸ್ಕಾರ.

2021ರಲ್ಲಿ ಮೈಸೂರು ಮೃಗಾಲಯಕ್ಕೆ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳು ಬಂದವು. ಥಾಬೊ, ಡೆಂಬಾ ಅಂತ ಹೆಸರು. ಇಂಥ ಪ್ರಾಣಿಯ ಮುಂದೆ ನಿಂತು ಎಷ್ಟೋ ಅಪ್ಪ ಅಮ್ಮಂದಿರು ಮಕ್ಕಳಿಗೆ "ಎಷ್ಟು ದೊಡ್ಡ ಕೋತಿ ನೋಡು" ಅಂತ ತೋರಿಸುತ್ತಾರೆ. ಪ್ರೀತಿಯಿಂದ ಹೇಳುವ ಮಾತು, ಸರಿ. ಆದರೆ ಗೊರಿಲ್ಲಾ ಕೋತಿಯಲ್ಲ, ಅದು ಏಪ್ ಅನ್ನುವ ಬೇರೆ ಗುಂಪಿಗೆ ಸೇರಿದ್ದು. ಚಿಂಪಾಂಜಿ, ಬೊನೊಬೊ, ಒರಾಂಗುಟಾನ್, ಗಿಬ್ಬನ್ ಕೂಡ ಅದೇ ಗುಂಪು. ನಾವೂ ಅದರಲ್ಲೇ ಇದ್ದೇವೆ.

ಬಾಲ ಇಲ್ಲದಿದ್ದರೆ ಏಪ್ ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ಅದು ಅರ್ಧ ಮಾತ್ರ ಸರಿ. ಯುರೋಪಿನ ಜಿಬ್ರಾಲ್ಟರ್ ಬಂಡೆಯ ಮೇಲೆ ವಾಸಿಸುವ ಬಾರ್ಬರಿ ಮಕಾಕ್ ಅನ್ನುವ ಕೋತಿಗೆ ಬಾಲ ಕಾಣುವುದೇ ಇಲ್ಲ. ಅದಕ್ಕೇ ಇಂಗ್ಲಿಷರು ಅದನ್ನು 'ಬಾರ್ಬರಿ ಏಪ್' ಅಂತ ಕರೆದುಬಿಟ್ಟರು. ಅದು ನಮ್ಮ ದೇವಸ್ಥಾನಗಳಲ್ಲಿ ಬಾಳೆಹಣ್ಣು ಕಿತ್ತುಕೊಳ್ಳುವ ಕೋತಿಯ ಹತ್ತಿರದ ನೆಂಟ! ತುಮಕೂರು ಕಡೆಯ ಕಾಡುಪಾಪಕ್ಕೂ ಬಾಲವಿಲ್ಲ. ಅದಂತೂ ಕೋತಿಯೂ ಅಲ್ಲ, ಏಪೂ ಅಲ್ಲ.

ಹಾಗಾದರೆ ಏನನ್ನು ನೋಡಬೇಕು? ಭುಜವನ್ನು ನೋಡಿ. ಕೋತಿಯ ಎದೆ ಕಿರಿದು, ಹೆಗಲಿನ ಮೂಳೆ ಎರಡೂ ಪಕ್ಕಕ್ಕಿರುತ್ತದೆ. ಕೊಂಬೆಯ ಮೇಲೆ ನಾಲ್ಕೂ ಕಾಲೂರಿ ಓಡುವುದಕ್ಕೆ ಹೇಳಿಮಾಡಿಸಿದ ಮೈಕಟ್ಟು ಅದು. ಏಪ್‌ನ ಎದೆ ಅಗಲ, ಹೆಗಲಿನ ಮೂಳೆ ಬೆನ್ನಿನ ಮೇಲಿರುತ್ತದೆ. ಈಗ ನೀವೆಲ್ಲ ಒಂದು ಸಲ ಕೈ ಮೇಲೆತ್ತಿ ಸುತ್ತ ತಿರುಗಿಸಿ. ತಿರುಗಿತು ಅಲ್ವಾ? ಬಸ್ಸಿನ ಕಂಬಿ ಹಿಡಿದು ನಾವು ಜೋತಾಡುವುದು ಇದೇ ಭುಜದಿಂದ.

"ಮಂಗನಿಂದ ಮಾನವ" ಅನ್ನುವ ಮಾತಿನ ಬಗ್ಗೆಯೂ ಹೇಳಬೇಕು. ಇವತ್ತು ಬದುಕಿರುವ ಯಾವ ಮಂಗದಿಂದಲೂ ನಾವು ಬಂದಿಲ್ಲ. ಏಪ್‌ಗಳ ದಾರಿಯೂ ಏಷ್ಯಾ, ಆಫ್ರಿಕಾದ ಕೋತಿಗಳ ದಾರಿಯೂ ಬೇರೆಯಾಗಿ ಸುಮಾರು 2.5ರಿಂದ 3 ಕೋಟಿ ವರ್ಷಗಳಾದವು. ಚಿಂಪಾಂಜಿಗೂ ನಮಗೂ ಒಬ್ಬರೇ ಪೂರ್ವಜರಿದ್ದದ್ದು ಸುಮಾರು 60–70 ಲಕ್ಷ ವರ್ಷಗಳ ಹಿಂದೆ. ಚಿಂಪಾಂಜಿಗೆ ಗೊರಿಲ್ಲಾಕ್ಕಿಂತ ನಾವೇ ಹತ್ತಿರದವರು.

ಹೆಸರಲ್ಲೇನಿದೆ, ಸುಮ್ನೆ ಯಾಕೆ ಇಷ್ಟು ಚರ್ಚೆ ಅಂತ ನಿಮಗೆ ಅನ್ನಿಸಬಹುದು. ಅಸ್ಸಾಮಿನ ಜೋರ್ಹಾಟ್ ಜಿಲ್ಲೆಯ ಹೊಲ್ಲೊಂಗಾಪಾರ್ ಕಾಡನ್ನು ನೋಡಿ. ಚಹಾ ತೋಟಗಳ ನಡುವೆ ಉಳಿದಿರುವ ಸುಮಾರು 21 ಚದರ ಕಿಲೋಮೀಟರ್ ಕಾಡು. 1997ರಲ್ಲಿ ಅಭಯಾರಣ್ಯವಾಯಿತು. ಮನುಷ್ಯರನ್ನು ಬಿಟ್ಟರೆ ಭಾರತದಲ್ಲಿ ಕಾಡಿನಲ್ಲಿ ಬದುಕುವ ಏಪ್ ಹೂಲಾಕ್ ಗಿಬ್ಬನ್ ಮಾತ್ರ, ಅದರ ಮನೆಗಳಲ್ಲಿ ಇದೂ ಒಂದು. ಗಂಡು ಕಪ್ಪು, ಬಲಿತ ಹೆಣ್ಣು ಕಂದು. ಗಂಡು ಹೆಣ್ಣು ಎರಡೂ ಸೇರಿ ಬೆಳಗ್ಗೆ ಹಾಡುತ್ತವೆ, ಬಹಳ ದೂರದವರೆಗೂ ಕೇಳಿಸುತ್ತದೆ.

ಅದೇ ಕಾಡಿನಲ್ಲಿ ಐದು ಜಾತಿಯ ಕೋತಿಗಳೂ ಇವೆ. ಕಾಡನ್ನು ಸೀಳಿಕೊಂಡು ಒಂದು ರೈಲು ಹಳಿ ಹೋಗುತ್ತದೆ. ರೀಸಸ್ ಕೋತಿ ನೆಲಕ್ಕಿಳಿದು ಹಳಿ ದಾಟುತ್ತದೆ. ಹಣ್ಣು ಸಿಗದಿದ್ದರೆ ಊರೊಳಗೆ ನುಗ್ಗಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಗಿಬ್ಬನ್ ಕೈಲಿ ಅದು ಆಗುವುದಿಲ್ಲ. ಅದರ ಇಡೀ ಮೈ ಕೊಂಬೆಗೆ ಜೋತು ಬಿದ್ದು, ಕೈಯಿಂದ ಕೈಗೆ ತೂಗಿಕೊಂಡು ಹೋಗುವುದಕ್ಕೆ ರೂಪುಗೊಂಡಿದೆ. ನೆಲಕ್ಕಿಳಿಯುವುದು ತೀರಾ ಅಪರೂಪ. ಮರಗಳ ನಡುವೆ ದೊಡ್ಡ ತೆರಪು ಬಿದ್ದರೆ ಆ ಕಡೆಯ ಕುಟುಂಬ ಆ ಕಡೆಗೇ, ಈ ಕಡೆಯದು ಈ ಕಡೆಗೇ. ಬೆಳೆದ ಮರಿಗೆ ಜೋಡಿ ಹುಡುಕುವುದೂ ಕಷ್ಟ.

"ಕೋತಿ ತಾನೇ, ಹೇಗೋ ದಾಟಿಕೊಳ್ಳುತ್ತೆ" ಅಂದುಕೊಂಡರೆ ಈ ಕಷ್ಟ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಅದಕ್ಕೇ ನಾನು ಈ ವ್ಯತ್ಯಾಸವನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಹಳಿಯ ಎರಡೂ ಬದಿಯ ಮರಗಳ ಕೊಂಬೆಗಳು ಮೇಲೆ ಕೂಡಬೇಕು. ಮರ ಬೆಳೆಯುವವರೆಗೆ ಹಗ್ಗದ ಸೇತುವೆ ಬೇಕು. ಹೊಸ ರಸ್ತೆಗೋ ಹಳಿಗೋ ನಕ್ಷೆ ಬರೆಯುವಾಗಲೇ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುವುದು ನನ್ನ ಒತ್ತಾಯ.

ನಿಮ್ಮ ಪ್ರಶ್ನೆಗಳಿದ್ದರೆ ಈಗ ಕೇಳಿ.