ಮಂಡಕ್ಕಿ ಚೀಲ ಮತ್ತು ಚಳಿಗಾಲದ ಆಕಾಶ

(ದಾವಣಗೆರೆಯಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಈ ಊರಲ್ಲಿ ವಾಯುಭಾರದ ಪಾಠ ಹೇಳಲು ಬ್ಯಾರೋಮೀಟರ್ ಬೇಕಿಲ್ಲ, ಮಂಡಕ್ಕಿ ಭಟ್ಟಿ ಸಾಕು. ಒಂದು ಸೇರು ಅಕ್ಕಿ ಕಾದ ಮರಳಿಗೆ ಬಿದ್ದು ಅರಳಿದರೆ ಎಷ್ಟು ಸೇರಾಗುತ್ತದೆಂದು ದಾವಣಗೆರೆಯವರಿಗೆ ನಾನು ಹೇಳಬೇಕೆ? ತೂಕ ಹೆಚ್ಚುಕಡಿಮೆ ಅಷ್ಟೇ. ಡಬ್ಬಿಯ ತಳದಲ್ಲಿದ್ದದ್ದು ಈಗ ಚೀಲದ ಬಾಯಿ ಮುಟ್ಟಿದೆ. ಗಾಳಿಯೂ ಕಾದರೆ ಹೀಗೇ ಉಬ್ಬುತ್ತದೆ. ಮಂಡಕ್ಕಿ ಆರಿದರೆ ಮತ್ತೆ ಅಕ್ಕಿಯಾಗುವುದಿಲ್ಲ, ಗಾಳಿ ಮಾತ್ರ ಆರಿದಷ್ಟೂ ಕುಗ್ಗುತ್ತದೆ. ವ್ಯತ್ಯಾಸ ಅಷ್ಟೇ.

ಒತ್ತಡವೆಂದರೆ ತಲೆಯ ಮೇಲಿನ ಗಾಳಿಯ ತೂಕ. ಅದನ್ನು ಅಳೆಯುವ ಮಾನ ಹೆಕ್ಟೊಪಾಸ್ಕಲ್; ಸಮುದ್ರ ಮಟ್ಟದಲ್ಲಿ ಅದು ಸುಮಾರು 1,013. ಪಕ್ಕದ ಚಿತ್ರದುರ್ಗ 730 ಮೀಟರ್ ಎತ್ತರದಲ್ಲಿದೆ, ಅಲ್ಲಿ 930ರ ಆಸುಪಾಸು. ಹೀಗೇ ಏರುತ್ತಾ ಹೋದರೆ ಒಂದು ಕಡೆ 500 ಸಿಗುತ್ತದೆ. ಅಲ್ಲಿಗೆ ವಾತಾವರಣದ ಅರ್ಧ ತೂಕ ಕಾಲ ಕೆಳಗೆ ಉಳಿಯಿತು. ಹವಾಮಾನದವರು ಪ್ರಶ್ನೆಯನ್ನು ತಿರುವಿ ಹಾಕುತ್ತಾರೆ. ಇಷ್ಟು ಎತ್ತರದಲ್ಲಿ ಒತ್ತಡ ಎಷ್ಟು ಎನ್ನುವ ಬದಲು, 500 ಇವತ್ತು ಎಷ್ಟು ಎತ್ತರದಲ್ಲಿದೆ ಎಂದು ಕೇಳುತ್ತಾರೆ.

ನಮ್ಮ ಮೇಲೆ ಅದು ಸುಮಾರು 5,850 ಮೀಟರಿನಲ್ಲಿರುತ್ತದೆ. ಜನವರಿಯ ಪೂರ್ವ ಸೈಬೀರಿಯಾದಲ್ಲಿ 5,200ಕ್ಕಿಂತಲೂ ಕೆಳಗೆ. ಇಲ್ಲಿ ಮಂಡಕ್ಕಿ, ಅಲ್ಲಿ ಅಕ್ಕಿ. ಲೆಕ್ಕ ಬಾಯಲ್ಲೇ ಮಾಡಬಹುದು: ಒತ್ತಡ 1,000 ಇರುವಲ್ಲಿಂದ 500 ಇರುವವರೆಗಿನ ಪದರದ ಸರಾಸರಿ ಉಷ್ಣತೆ ಒಂದು ಡಿಗ್ರಿ ಇಳಿದರೆ ಆ ಪದರ 20 ಮೀಟರ್ ಕುಗ್ಗುತ್ತದೆ. ಹತ್ತು ಡಿಗ್ರಿಗೆ 200 ಮೀಟರ್.

ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಅದೇ ಸೈಬೀರಿಯಾದ ನೆಲದಲ್ಲಿ ಚಳಿಗಾಲದ ಒತ್ತಡ 1,030 ದಾಟುತ್ತದೆ. ಕೆಳಗೆ ಅಷ್ಟು ಭಾರ, ಮೇಲೆ ಹೋದರೆ ಕಡಿಮೆ ಒತ್ತಡ! ಒಗಟೇನಲ್ಲ. ತಣ್ಣನೆಯ ಗಾಳಿ ಒತ್ತೊತ್ತಾಗಿ ಕೆಳಗೇ ಕೂತಿದೆ. ಐದು ಸಾವಿರ ಮೀಟರ್ ಏರುವಷ್ಟರಲ್ಲಿ ತೂಕದ ಅರ್ಧದಷ್ಟು ದಾಟಿರುತ್ತೀರಿ, ಮೇಲೆ ಉಳಿದಿರುವುದು ನಮ್ಮಲ್ಲಿಗಿಂತ ಕಡಿಮೆ.

ಹಾಗಾದರೆ ಕುಂದುವಾಡ ಕೆರೆ ಏರಿಯ ಮೇಲೆ ಬೆಳಗಿನ ಜಾವ ಮಂಕಿ ಟೋಪಿ ಹಾಕಿಸುವ ಚಳಿ? ಅದು ನೆಲಕ್ಕೆ ಅಂಟಿಕೊಂಡ ಚಳಿ. ರಾತ್ರಿ ನೆಲ ಆರುತ್ತದೆ, ಅದನ್ನು ಮುಟ್ಟಿದ ಗಾಳಿ ಆರುತ್ತದೆ, ಮೇಲಿನದಕ್ಕೆ ಸುದ್ದಿಯೇ ಇಲ್ಲ. ಕೆಳಗಿನ 300 ಮೀಟರ್ ಗಾಳಿ 8 ಡಿಗ್ರಿ ತಣ್ಣಗಾಯಿತು ಅಂತಲೇ ಇಟ್ಟುಕೊಳ್ಳಿ. ಕೆಲ್ವಿನ್ ಲೆಕ್ಕದಲ್ಲಿ (ಸೆಲ್ಸಿಯಸ್‌ಗೆ 273 ಕೂಡಿಸಿದ್ದು) 290ರಲ್ಲಿ 8, ಅಂದರೆ 36ರಲ್ಲಿ ಒಂದು ಪಾಲು. ಕುಗ್ಗಿದ್ದು ಎಂಟು ಮೀಟರ್ ಚಿಲ್ಲರೆ! ನಮ್ಮ ಹಲ್ಲು ಕಟಕಟ ಅಂದದ್ದು 500ರ ಮಟ್ಟಕ್ಕೆ ಕೇಳಿಸುವುದೇ ಇಲ್ಲ. ಅಲ್ಲಿ ನಡೆಯುವುದು ಇಡೀ ಗಾಳಿಯ ಕಂಬದ ಸರಾಸರಿಯ ಮಾತು.

ದಕ್ಷಿಣದಲ್ಲಿ ಎತ್ತರ, ಉತ್ತರದಲ್ಲಿ ತಗ್ಗು ಎಂದಮೇಲೆ ಆ ಮಟ್ಟ ಮಾಳಿಗೆಯಂತೆ ಸಪಾಟಲ್ಲ, ಹಂಚಿನ ಮನೆಯ ಸೂರಿನಂತೆ ಇಳಿಜಾರು. ಗಾಳಿ ಉತ್ತರಕ್ಕೆ ಜಾರಲು ಹೊರಡುತ್ತದೆ, ಭೂಮಿಯ ತಿರುಗುವಿಕೆ ಅದನ್ನು ಬಲಕ್ಕೆ, ಪೂರ್ವದ ಕಡೆಗೆ ಹೊರಳಿಸುತ್ತದೆ. ಪ್ರತಿ ಪದರವೂ ತನ್ನ ಪಾಲಿನ ಇಳಿಜಾರು ಸೇರಿಸುವುದರಿಂದ ಮೇಲಕ್ಕೆ ಹೋದಂತೆ ವೇಗ ಏರುತ್ತದೆ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ, ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ ಹರಿಯುವ ಜೆಟ್ ಪ್ರವಾಹ ಎಂಬ ವೇಗದ ಗಾಳಿಯ ಹೊಳೆ ಹುಟ್ಟುವುದು ಹೀಗೆ. ದೆಹಲಿಯಿಂದ ಕೋಲ್ಕತ್ತಕ್ಕೆ ಬೇಗ ಮುಟ್ಟುವ ವಿಮಾನ ವಾಪಸ್ ಬರುವಾಗ ಏದುಸಿರು ಬಿಡುತ್ತದೆ.

ವಿಮಾನದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಅದರ ಎತ್ತರಮಾಪಕ ಅಳೆಯುವುದು ಒತ್ತಡವನ್ನು, ತೋರಿಸುವುದು ಮೀಟರು ಅಡಿಗಳನ್ನು. ನಡುವಿನ ಲೆಕ್ಕಕ್ಕೆ ಒಂದು ಮಾದರಿ ವಾತಾವರಣ ಇದೆ, ಅದರಲ್ಲಿ 500 ಇರುವುದು 5,574 ಮೀಟರಿನಲ್ಲಿ. ಗಾಳಿ ಮಾದರಿಗಿಂತ 10 ಡಿಗ್ರಿ ತಣ್ಣಗಿದ್ದರೆ ನಿಜವಾದ ಎತ್ತರ ತೋರಿಸಿದ್ದಕ್ಕಿಂತ ಸುಮಾರು ಶೇಕಡಾ 4ರಷ್ಟು ಕಡಿಮೆ. ಬೆಟ್ಟಗಳ ನಡುವೆ ಇಳಿಯುವವರಿಗೆ ಇದು ಜೀವದ ಪ್ರಶ್ನೆ. ನಮ್ಮ ಬೆಚ್ಚನೆಯ ಆಕಾಶದಲ್ಲಿ ಉಲ್ಟಾ, ವಿಮಾನ ಎತ್ತರಮಾಪಕ ಹೇಳಿದ್ದಕ್ಕಿಂತ ತುಸು ಮೇಲೇ ಇರುತ್ತದೆ.

ಇದನ್ನೆಲ್ಲ ಅಳೆಯುವವರು ಯಾರು? ಬೆಳಗಿನ ಐದೂವರೆಯ ವೀಕ್ಷಣೆಗೆ ಬೆಂಗಳೂರಿನಿಂದ ಒಂದು ಬಲೂನು ಮೇಲೇರುತ್ತದೆ, ಕೆಳಗೆ ಅಂಗೈಯಷ್ಟು ಉಪಕರಣ ಜೋತಾಡುತ್ತಿರುತ್ತದೆ. ಜಿಪಿಎಸ್ ಬರುವ ಮೊದಲು ಅದಕ್ಕೆ ತಾನೆಷ್ಟು ಎತ್ತರದಲ್ಲಿದ್ದೇನೆಂಬುದೇ ಗೊತ್ತಿರಲಿಲ್ಲ. ಒತ್ತಡ, ಉಷ್ಣತೆ, ತೇವಾಂಶ ಕಳಿಸುತ್ತಿತ್ತು. ಕೆಳಗೆ ಕೂತವರು ಪದರ ಪದರವಾಗಿ ದಪ್ಪ ಲೆಕ್ಕ ಹಾಕಿ, ಕೂಡಿಸಿ, ಎತ್ತರ ಕಂಡುಹಿಡಿಯುತ್ತಿದ್ದರು.